ನಿಂತ ಗಾಡಿಗೆ ಮೊದಲು ಕಿಕ್ ಹೊಡೆಯಬೇಡಿ

ಚಿಕ್ಕಮಗಳೂರಿನಲ್ಲಿ ಹಳೇ ಬೈಕುಗಳ ಮೇಲೆ ಪ್ರೀತಿ ಇರುವ ಗೆಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ತೋಟದ ಮನೆ ಅಂದರೆ ಒಂದು ಗೋಡೌನ್ ಇದ್ದೇ ಇರುತ್ತದೆ. ಎಷ್ಟೋ ಗೋಡೌನ್‌ಗಳ ಮೂಲೆಯಲ್ಲಿ ಗೋಣಿತಾಟು ಹೊದ್ದುಕೊಂಡು ಒಂದು ಬೈಕು ನಿಂತಿರುತ್ತದೆ. ಅಪ್ಪನದೋ, ಚಿಕ್ಕಪ್ಪನದೋ, ಹಿಂದೆ ತೋಟದ ಲೆಕ್ಕ ನೋಡುತ್ತಿದ್ದ ರೈಟರದೋ. ಜಾವಾ, ಯೆಜ್ಡಿ, ರಾಜ್‌ದೂತ್, ಬುಲೆಟ್, ಇಲ್ಲವೇ ಒಂದು ಯಮಾಹಾ ಆರ್‌ಎಕ್ಸ್ 100. "ನಿಲ್ಲಿಸುವಾಗ ಚೆನ್ನಾಗೇ ಓಡ್ತಿತ್ತು" ಎಂದು ಮನೆಯವರು ಹೇಳುತ್ತಾರೆ. ಆ ಮಾತು ಸಾಮಾನ್ಯವಾಗಿ ನಿಜ. ಅದನ್ನು ನಂಬಿಯೇ ಹುಡುಗರು ಗಾಡಿಯನ್ನು ಅಂಗಳಕ್ಕೆ ಎಳೆಯುತ್ತಾರೆ. ಧೂಳು ಒರೆಸುತ್ತಾರೆ. ಬಾಟಲಿಯಲ್ಲಿ ಪೆಟ್ರೋಲ್ ತಂದು ಹುಯ್ಯುತ್ತಾರೆ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಕಿಕ್ ಹೊಡೆಯುತ್ತಾರೆ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ: ಆ ಕಿಕ್ ಹೊಡೆಯಬೇಡಿ. ಗಾಡಿ ವರ್ಷಗಟ್ಟಲೆ ನಿಂತಿದ್ದರಿಂದ ಆದ ಹಾನಿಯನ್ನು ಬಹುಪಾಲು ಸರಿ ಮಾಡಬಹುದು. ಎಬ್ಬಿಸುವ ಅವಸರದಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಆಗುವ ಹಾನಿ ಇದೆಯಲ್ಲ, ಅದಕ್ಕೆ ದುಡ್ಡು ಜಾಸ್ತಿ, ಸಂಕಟವೂ ಜಾಸ್ತಿ.

ನಾನು ಹೆಚ್ಚಾಗಿ ಜಾವಾ, ಯೆಜ್ಡಿ ಹಿಡಿದೇ ಮಾತಾಡುತ್ತೇನೆ. ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿಗಳು ಇವು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ತಯಾರಿ ಶುರುವಾಯಿತು. 1973ರಿಂದ ಯೆಜ್ಡಿ ಅಂತ ಹೆಸರು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ತೀರಾ ಕೊನೆಗೆ ಬಂದ ಯೆಜ್ಡಿಗೂ ಈಗ ಮೂವತ್ತರ ಆಸುಪಾಸು ವಯಸ್ಸು. ಆದರೂ ಇವು ಎದ್ದು ಓಡುತ್ತವೆ. ಕಾರಣ, ಎಂಜಿನ್ ಅಷ್ಟು ಸರಳ. ಎರಡು ಸ್ಟ್ರೋಕ್, ಒಂದು ಪಿಸ್ಟನ್, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಇದರ ಹೆಡ್ಡು ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ, ಬೋರು ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಇವನ್ನು ಬಿಚ್ಚಿ ನೋಡುವುದು ಮನೆಯಲ್ಲೇ ಆಗುವ ಕೆಲಸ.

ನಿಂತ ಗಾಡಿಯಲ್ಲಿ ಹಾಳಾಗುವುದು ಯಾವುದು? ಕಬ್ಬಿಣ ಸುಮ್ನೆ ನಿಂತರೆ ಸವೆಯುವುದಿಲ್ಲ. ಹಾಳು ಮಾಡುವುದು ಒಳಗೆ ನಿಂತ ದ್ರವ. ಟ್ಯಾಂಕಿನ ತಳದ ಪೆಟ್ರೋಲು, ಪೆಟ್ರೋಲು, ಗಾಳಿ ಎರಡನ್ನೂ ಬೆರೆಸುವ ಕಾರ್ಬುರೇಟರಿನ ಬಟ್ಟಲಲ್ಲಿ ಒಣಗಿದ ಪೆಟ್ರೋಲು, ಗೇರ್ ಬಾಕ್ಸಿನಲ್ಲಿ ಆಯಿಲ್ ಜೊತೆ ಸೇರಿದ ನೀರು, ಬ್ಯಾಟರಿಯಿಂದ ಸೋರಿದ ಆ್ಯಸಿಡ್ಡು. ಇದರ ಜೊತೆಗೆ ವಯಸ್ಸಾದ ರಬ್ಬರು. ಇಷ್ಟನ್ನು ಹುಡುಕಿಕೊಂಡು ಹೋದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಮಲೆನಾಡಿನಲ್ಲಿ ಇನ್ನೂ ಒಂದು ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿಯೇ ಒದ್ದೆ. ಚಪ್ಪಲಿಗೂ ಬೂಸ್ಟು ಹಿಡಿಯುವ ಕಾಲ. ಅದರ ಮೇಲೆ ನಾವು ಗಾಡಿ ನಿಲ್ಲಿಸುವ ಜಾಗ ನೋಡಿ. ಗೊಬ್ಬರದ ಚೀಲದ ಪಕ್ಕ! ಪೊಟ್ಯಾಷ್ ಅನ್ನುವುದು ಒಂದು ಬಗೆಯ ಉಪ್ಪೇ. ತೇವ ಹೀರಿಕೊಂಡು ಹತ್ತಿರದ ಕಬ್ಬಿಣವನ್ನೆಲ್ಲ ತಿನ್ನುತ್ತದೆ. ಒಂದೇ ಗೋಡೌನಿನಲ್ಲಿದ್ದ ಗಾಡಿಯ ಗೊಬ್ಬರದ ಕಡೆಯ ಚಕ್ರದ ಕಡ್ಡಿಗಳೆಲ್ಲ ಕೈಯಲ್ಲಿ ಮುರಿಯುವ ಹಾಗಾಗಿ, ಗೋಡೆ ಕಡೆಯವು ಹೊಳೆಯುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಇವತ್ತು ಮನೆಗೆ ಹೋದ ತಕ್ಷಣ ಗಾಡಿಯನ್ನು ಗೊಬ್ಬರದಿಂದ ದೂರ ಸರಿಸಿ. ಉಳಿದದ್ದು ಆಮೇಲೆ ಆಗಲಿ.

ಈಗ ಎಂಜಿನ್ನಿಗೆ ಬರೋಣ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ಟಾರ್ಚ್ ಹಾಕಿ ತೂತಿನೊಳಗೆ ನೋಡಿ. ಆಮೇಲೆ ಒಂದಿಷ್ಟು 2ಟಿ ಆಯಿಲಿಗೆ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಡೀಸೆಲ್ ಬೆರೆಸಿ, ಸಿರಿಂಜಿನಲ್ಲಿ ಆ ತೂತಿನಿಂದ ಬಿಡಿ. ಅಷ್ಟು ಮಾಡಿ ಬಿಟ್ಟುಬಿಡಿ. ಎರಡು ಮೂರು ದಿನ ಆದರೂ ಪರವಾಗಿಲ್ಲ. ಪಿಸ್ಟನ್ ರಿಂಗಿಗೂ ಬೋರಿಗೂ ನಡುವೆ ತುಕ್ಕು ಕೂತಿದ್ದರೆ ಆಯಿಲ್ ನಿಧಾನಕ್ಕೆ ಇಳಿದು ಬಿಡಿಸುತ್ತದೆ. ಆಮೇಲೂ ಕಿಕ್ ಬೇಡ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಲ್ಲಿ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸಿ. ಬಿಡಿಸಿಕೊಂಡರೆ ಕೈಗೇ ಗೊತ್ತಾಗುತ್ತದೆ.

ಯಾಕೆ ಕಿಕ್ ಬೇಡ ಅಂದರೆ, ಜಾವಾದಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಒಳಗೆ ತಳ್ಳಿ ಎತ್ತಿದರೆ ಕಿಕ್, ಕೆಳಗೆ ಬಿಟ್ಟರೆ ಗೇರ್. ಜಾಮ್ ಆದ ಎಂಜಿನ್ನಿನ ಮೇಲೆ ನಿಂತು ಒದ್ದರೆ ಒಳಗಿನ ಹಲ್ಲುಗಳು ಹೋಗುತ್ತವೆ. ಪಿಸ್ಟನ್ ಜಾಮ್ ಆಗಿದ್ದರೆ ಬೋರು ಎತ್ತಿ ಸರಿ ಮಾಡಬಹುದಿತ್ತು. ಈಗ ಕಿಕ್ಕಿನ ಕೆಲಸವೂ ಸೇರಿತು. ಚಕ್ರ ಆಡಿಸಿಯೂ ಬಿಡಲಿಲ್ಲ ಅಂದರೆ ಹಟ ಮಾಡಬೇಡಿ. ಹೆಡ್ಡು ತೆಗೆದು, ಬೋರು ಎತ್ತಿಸಿ. ಜಾವಾದ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ. ತುಕ್ಕಿನ ಗುಂಡಿ ಬಿದ್ದಿದ್ದರೆ ರೀಬೋರ್ ಮಾಡಿಸಿ, ಅಂದರೆ ಒಳಗೆ ಸ್ವಲ್ಪ ಕೊರೆದು ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಆದರೆ ಪಿಸ್ಟನ್ ಕೈಗೆ ಸಿಕ್ಕ ಮೇಲೆ, ಅದರ ಅಳತೆಗೇ ಬೋರ್ ಮಾಡಿಸಿ. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಿದರೆ ಅಳತೆ ಕೂರುವುದಿಲ್ಲ.

ಎಂಜಿನ್ ಸಲೀಸಾಗಿ ತಿರುಗಿತು ಅಂದುಕೊಳ್ಳಿ. ಖುಷಿಯಾಗುತ್ತದೆ, ಸಹಜ. ಆದರೆ ಟೂ ಸ್ಟ್ರೋಕ್ ಗಾಡಿಯಲ್ಲಿ ಕಣ್ಣಿಗೆ ಕಾಣದ ಒಂದು ಜಾಗ ಇದೆ. ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಗೂಡು, ಅಂದರೆ ಕ್ರ್ಯಾಂಕ್ ಕೇಸು. ಅಲ್ಲಿನ ಬೇರಿಂಗ್‌ಗಳಿಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲಿನ ಜೊತೆ ಬರುವ ಆಯಿಲೇ ಗತಿ. ಗಾಡಿ ನಿಂತ ಮೇಲೆ ಆ ಪಸೆ ಒಣಗಿ, ಕಾರ್ಬುರೇಟರಿನ ಕಡೆಯಿಂದಲೋ ಸೈಲೆನ್ಸರಿನ ಕಡೆಯಿಂದಲೋ ತೇವದ ಗಾಳಿ ಒಳಗೆ ಹೋಗಿರುತ್ತದೆ. ಹಾಗಾಗಿ ಕಾರ್ಬುರೇಟರ್ ಕೂರುವ ಇನ್‌ಟೇಕ್ ಕಡೆಯಿಂದಲೂ ಸ್ವಲ್ಪ 2ಟಿ ಆಯಿಲ್ ಬಿಟ್ಟು, ಪ್ಲಗ್ ಇಲ್ಲದೆ ನಿಧಾನಕ್ಕೆ ತಿರುಗಿಸಿ. ಗರಗರ ಅಂತ ಕೇಳಿದರೆ, ಕೈಗೆ ತೊಡರಿದ ಹಾಗೆ ಅನ್ನಿಸಿದರೆ, ಬೇರಿಂಗ್ ಹೋಗಿದೆ. ಆಗ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ. ಇದನ್ನು ಈಗಲೇ ಒಪ್ಪಿಕೊಂಡರೆ ಒಳ್ಳೆಯದು.

ಅಲ್ಲೇ ಎರಡು ಕಡೆ ಆಯಿಲ್ ಸೀಲ್ ಇರುತ್ತವೆ. ನಾನು ತುಂಬಾ ಒತ್ತಿ ಹೇಳುವ ವಿಷಯ ಇದು. ಕೈಯಲ್ಲಿ ಹಿಡಿದರೆ ಬಳೆಯಷ್ಟು ಸಣ್ಣ ರಬ್ಬರು. ಒಳಗೆ ತೆಳ್ಳನೆ ತುಟಿ, ಅದನ್ನು ಒತ್ತಿ ಹಿಡಿಯಲು ಒಂದು ಕೂದಲಿನಂಥ ಸ್ಪ್ರಿಂಗು. ಹೊಸ ಸೀಲಿನ ತುಟಿಯನ್ನು ಉಗುರಲ್ಲಿ ಒತ್ತಿದರೆ ಬಾಗಿ ವಾಪಸ್ ಬರುತ್ತದೆ. ಹಳೇದನ್ನು ಒತ್ತಿದರೆ ಬಾಗುವುದೇ ಇಲ್ಲ, ಕೆಲವು ಸಲ ಚಿಟ್ ಅಂತ ಸೀಳುತ್ತದೆ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಎಂಜಿನ್ ಆ ಕಡೆಯ ಆಯಿಲನ್ನು ಎಳೆದು ಸುಡುತ್ತದೆ. ದಟ್ಟ ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಕರೆಂಟು ಹುಟ್ಟಿಸುವ ಡೈನಮೋ ಕಡೆಯ ಸೀಲ್ ಹೋಗಿದ್ದರೆ ಅದು ಇನ್ನೂ ಅಪಾಯ. ಯಾಕೆಂದರೆ ಹೊಗೆ ಬರುವುದಿಲ್ಲ. ಬದಲಿಗೆ ಹೊರಗಿನ ಗಾಳಿ ಒಳಗೆ ಹೋಗಿ ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ ಆಗುತ್ತದೆ. ಗಾಡಿ ಇದ್ದಕ್ಕಿದ್ದ ಹಾಗೆ ಭಾರೀ ಚುರುಕಾಗಿ ಓಡುತ್ತದೆ. ಎಕ್ಸಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯಲು ತಡ ಮಾಡುತ್ತದೆ. "ಎಷ್ಟು ಚೆನ್ನಾಗಿ ಎದ್ದಿದೆ ನೋಡು" ಅಂತ ನಾವು ಹಿಗ್ಗುತ್ತಿರುವಾಗಲೇ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಹತ್ತಾರು ವರ್ಷ ನಿಂತ ಗಾಡಿಯಾದರೆ ಸೀಲು ಚೆನ್ನಾಗಿದೆಯಾ ಅಂತ ಕೇಳಲೂ ಹೋಗಬೇಡಿ. ಬದಲಾಯಿಸಿ.

ಬುಲೆಟ್ಟಿನವರಿಗೆ ಎರಡು ಮಾತು. ನಿಮ್ಮದು ಫೋರ್ ಸ್ಟ್ರೋಕ್. ಹಳೇ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ತೊಳೆದು, ಹೊಸ ಆಯಿಲ್ ಹಾಕಿ, ಅದು ಹೆಡ್ಡಿನ ತನಕ ಬರುತ್ತಿದೆಯಾ ಅಂತ ನೋಡಿದ ಮೇಲೆಯೇ ಮುಂದಿನ ಮಾತು. ವಾಲ್ವ್ ಅಂಟಿಕೊಂಡಿದೆಯಾ ಅದನ್ನೂ ನೋಡಿ.

ಟ್ಯಾಂಕಿನ ಮುಚ್ಚಳ ತೆಗೆದಾಗ ವಾರ್ನಿಶ್ ವಾಸನೆ ಬಂದರೆ ಅದು ಕೊಳೆತ ಪೆಟ್ರೋಲು. ಪೂರ್ತಿ ಇಳಿಸಿ. ಗಾಡಿಗೂ ಬೇಡ, ಕಸಕ್ಕೆ ಬೆಂಕಿ ಹಚ್ಚಲೂ ಬೇಡ. ಒಳಗೆ ತುಕ್ಕು ಇದ್ದರೆ ಸಣ್ಣ ನಟ್ಟುಗಳನ್ನೋ ಒಂದು ತುಂಡು ಚೈನನ್ನೋ ಹಾಕಿ ಕುಲುಕಿ, ವಿನೆಗರ್ ತುಂಬಿಸಿ ಒಂದು ದಿನ ಇಟ್ಟು, ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ. ಒಣಗಿದ ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲು ಆಡಿಸಬೇಕು. ತಡ ಮಾಡಿದರೆ ಒಂದೇ ರಾತ್ರಿಯಲ್ಲಿ ಹೊಸ ತುಕ್ಕು ಬರುತ್ತದೆ. ವಿನೆಗರ್ ಹೊರಗೆ ಚೆಲ್ಲಿ ಪೇಂಟ್ ಹೋಗದ ಹಾಗೆ ನೋಡಿಕೊಳ್ಳಿ. ಒಂದು ವಿಷಯ ದಯವಿಟ್ಟು ನೆನಪಿಡಿ: ಟ್ಯಾಂಕ್ ತೂತಾಗಿದೆ ಅಂತ ಸೀದಾ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಇರುತ್ತದೆ. ಕಿಡಿ ತಗುಲಿದರೆ ಟ್ಯಾಂಕ್ ಸಿಡಿಯುತ್ತದೆ. ಜೀವಕ್ಕೇ ಅಪಾಯ. ಈ ಕೆಲಸ ತಿಳಿದವರ ಹತ್ತಿರವೇ ಮಾಡಿಸಿ.

ಈಗಿನ ಪೆಟ್ರೋಲಿನ ಬಗ್ಗೆಯೂ ಹೇಳಬೇಕು. 2023ರಿಂದ ದೇಶದಲ್ಲಿ 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲು ಬರುತ್ತಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿ ಆದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಹಳೇ ರಬ್ಬರ್ ಪೈಪು, ವಾಷರುಗಳು ಇದರಲ್ಲಿ ಉಬ್ಬುತ್ತವೆ. ಪೆಟ್ರೋಲ್ ಪೈಪು, ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕಿನ ವಾಷರು ಎಲ್ಲಾ ಹೊಸದು ಹಾಕಿ. ಬೇಕಾದಷ್ಟೇ ಪೆಟ್ರೋಲ್ ಹಾಕಿಸಿ. ಟೂ ಸ್ಟ್ರೋಕ್ ಆದರೆ ಲೀಟರಿಗೆ ಸುಮಾರು 40 ಮಿ.ಲೀ. 2ಟಿ ಆಯಿಲ್ ಅಂತ ಇಟ್ಟುಕೊಳ್ಳಿ. ಆರ್‌ಎಕ್ಸ್ 100ರಲ್ಲಿ ಆಯಿಲ್ ಪಂಪ್ ಬೇರೆ ಇದೆ. ಅದರ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಪಂಪ್ ಸರಿಯಾಗಿ ಎಳೆಯುತ್ತಿದೆ ಅಂತ ಖಾತ್ರಿ ಆಗುವ ತನಕ ಟ್ಯಾಂಕಿಗೂ ಆಯಿಲ್ ಬೆರೆಸಿ.

ಕಾರ್ಬುರೇಟರ್ ಬಿಚ್ಚುವುದು ನನಗೆ ಬಹಳ ಇಷ್ಟದ ಕೆಲಸ. ಹಳೇ ಜಾವಾದಲ್ಲಿ ಜಿಕೋವ್ ಕಾರ್ಬುರೇಟರ್ ಇರುತ್ತದೆ. ಬಟ್ಟಲು ತೆಗೆದರೆ ತಳದಲ್ಲಿ ಜೋನಿಬೆಲ್ಲದ ಬಣ್ಣದ ಅಂಟು ಕೂತಿರುತ್ತದೆ. ಪೆಟ್ರೋಲು ಆರಿದ ಮೇಲೆ ಉಳಿದದ್ದು. ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ತೂತು ಸೂಜಿಮೊನೆಯಷ್ಟು. ಆ ಅಂಟು ಅಲ್ಲಿ ಒಂದಿಷ್ಟು ಕೂತರೂ ಸಾಕು. ಆದರೆ ಅದಕ್ಕೆ ಕಬ್ಬಿಣದ ತಂತಿ ಚುಚ್ಚಬೇಡಿ. ಜೆಟ್ಟು ಹಿತ್ತಾಳೆಯದು. ತೂತು ಒಂಚೂರು ದೊಡ್ಡದಾದರೂ ಅಳತೆ ಕೆಟ್ಟಿತು. ಕಾರ್ಬ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ತೀರಾ ಬೇಕಾದರೆ ಕರೆಂಟ್ ವೈರಿನೊಳಗಿನ ತಾಮ್ರದ ಒಂದು ಎಳೆ ಸಾಕು. ಬಟ್ಟಲಲ್ಲಿ ತೇಲುವ ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ತೂತಾಗಿ ಪೆಟ್ರೋಲು ಸೇರಿದೆ. ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಬರುತ್ತದೋ ಅಲ್ಲೇ ತೂತು.

ಏರ್ ಫಿಲ್ಟರಿನಲ್ಲಿ ಇಲಿ ಗೂಡು, ಸೈಲೆನ್ಸರಿನಲ್ಲಿ ಕಣಜದ ಮಣ್ಣಿನ ಗೂಡು ಇರುತ್ತದೆ. ಎರಡನ್ನೂ ನೋಡದೆ ಸ್ಟಾರ್ಟ್ ಮಾಡಬೇಡಿ.

ಕರೆಂಟಿನ ಕೆಲಸ ಜನ ಅಂದುಕೊಂಡಷ್ಟು ಕಷ್ಟ ಅಲ್ಲ. ಹಳೇ ಜಾವಾ 6 ವೋಲ್ಟಿನದು. ಪ್ಲಗ್ಗಿನ ಕಿಡಿಗೆ ಬೇಕಾದ ಕಾಯಿಲಿಗೆ ಕರೆಂಟು ಬ್ಯಾಟರಿಯಿಂದಲೇ ಬರಬೇಕು. ಒಳ್ಳೇ ಬ್ಯಾಟರಿ ಇಲ್ಲದೆ ಒದ್ದಾಡಬೇಡಿ. ಆ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟಿನ ಮೇಲೆ ಕೂತ ಪೊರೆಯನ್ನು ನಯವಾದ ಎಮ್ರಿ ಕಾಗದದಲ್ಲಿ ಉಜ್ಜಿ, ಆಮೇಲೆ ಗಟ್ಟಿ ಕಾಗದದ ತುಂಡು ತೂರಿಸಿ ಪುಡಿ ಒರೆಸಿ. ಗ್ಯಾಪ್ 0.4 ಮಿ.ಮೀ. ಆಸುಪಾಸು. ಪಾಯಿಂಟಿನಲ್ಲಿ ಜೋರಾಗಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ.

ಬ್ರೇಕ್ ನೋಡದೆ ಗಾಡಿ ಹೊರಗೆ ತರಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಲೈನಿಂಗ್ ಅಂಟಿಸಿದ ಅಂಟು ಸತ್ತಿರುತ್ತದೆ. ನೋಡಲು ದಪ್ಪ ಇರುತ್ತದೆ. ಜೋರಾಗಿ ಬ್ರೇಕ್ ಹಿಡಿದ ದಿನ ಕಿತ್ತು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಳ್ಳುತ್ತದೆ, ಚಕ್ರ ಲಾಕ್ ಆಗುತ್ತದೆ. ಶೂ ಹೊಸದೇ ಹಾಕಿ. ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಲ್ಲಿ ಊದಬೇಡಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2308 ಅಂತಿದ್ದರೆ 2008ನೇ ಇಸವಿಯ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಬಟನ್ ಸವೆಯದೆ ಎಷ್ಟೇ ಉಳಿದಿದ್ದರೂ ಅಂಥ ಟೈರು ಬೇಡ. ಟ್ಯೂಬು, ಕೇಬಲ್ಲುಗಳೂ ಹೊಸದೇ ಇರಲಿ.

ಇಷ್ಟೆಲ್ಲಾ ಆದ ಮೇಲೆ ಕಿಕ್ ಹೊಡೆಯಿರಿ. ಆ ಮೊದಲ ಶಬ್ದದ ಖುಷಿ ನಿಮ್ಮದೇ.

ಎದ್ದ ಗಾಡಿಯನ್ನು ಮೊದಲು ಎಲ್ಲಿಗೆ ಒಯ್ಯುವುದು? ನಮ್ಮ ಊರಿನವರ ಮನಸ್ಸು ಸೀದಾ ಮುಳ್ಳಯ್ಯನಗಿರಿಗೆ ಹೋಗುತ್ತದೆ. ಬೇಡ. ಮೊದಲು ಕಡೂರಿನ ಕಡೆ ಹೋಗಿ. ರಸ್ತೆ ಸಮ ಇದೆ, ಅಲ್ಲಲ್ಲಿ ಊರು ಇವೆ, ನಿಂತರೆ ಯಾರಾದರೂ ಸಿಗುತ್ತಾರೆ. ಸ್ವಲ್ಪ ದೂರ ಹೋಗಿ, ನಿಲ್ಲಿಸಿ, ಎಂಜಿನ್ ಆರಲು ಬಿಡಿ. ನಟ್ಟು ಬೋಲ್ಟು ಮುಟ್ಟಿ ನೋಡಿ. ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಜಾಸ್ತಿ.

ಗಿರಿಗೆ ಹೋದಾಗ ಇನ್ನೊಂದು ಗೊತ್ತಾಗುತ್ತದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ. ಅಲ್ಲಿ ಗಾಳಿ ಸಮುದ್ರದ ದಡಕ್ಕಿಂತ ಸುಮಾರು ಆರರಲ್ಲಿ ಒಂದು ಪಾಲು ತೆಳು. ಹಾಗಾಗಿ ಕೆಳಗೆ ಸರಿಯಾಗಿ ಓಡಿದ ಗಾಡಿ ಮೇಲೆ ಹೋದಂತೆ ಸೊರಗುತ್ತದೆ. ಅದಕ್ಕಾಗಿ ರಸ್ತೆಯಲ್ಲೇ ಕಾರ್ಬುರೇಟರ್ ತಿರುಚಬೇಡಿ. ಇಳಿದ ಮೇಲೆ ತಾನೇ ಸರಿಹೋಗುತ್ತದೆ.

ಹತ್ತುವುದಕ್ಕಿಂತ ಇಳಿಯುವುದರಲ್ಲಿ ಜಾಸ್ತಿ ಹುಷಾರು ಬೇಕು. ಇದನ್ನು ಈಗಿನ ಹುಡುಗರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹಳೇ ಟೂ ಸ್ಟ್ರೋಕಿನಲ್ಲಿ ಎಕ್ಸಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲು ನಿಲ್ಲುತ್ತದೆ. ಪೆಟ್ರೋಲು ನಿಂತರೆ ಅದರ ಜೊತೆಗಿನ ಆಯಿಲೂ ನಿಂತಿತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಗೇರಿನಲ್ಲೇ ಇಟ್ಟು, ಎಕ್ಸಲರೇಟರ್ ಬಿಟ್ಟು, ಮೈಲಿಗಟ್ಟಲೆ ಬಂದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಒಳಗೆ ಆಯಿಲ್ ಇರುವುದಿಲ್ಲ. ಪಿಸ್ಟನ್ ಹಿಡಿದುಕೊಳ್ಳುವುದು ಇಂಥ ಕಡೆ. ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ, ಅದೂ ತಿರುವಿನಲ್ಲಿ. ಹಾಗಾಗಿ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಲರೇಟರ್ ಕೊಡುತ್ತಾ ಬನ್ನಿ. ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ ಇರಲಿ. ಗಾಡಿ ತಡವರಿಸಿತು ಅನ್ನಿಸಿದ ಕ್ಷಣವೇ ಕ್ಲಚ್ ಹಿಡಿಯಿರಿ. ಆದ್ದರಿಂದಲೇ ಬ್ರೇಕಿನ ಬಗ್ಗೆ ಅಷ್ಟು ಹೇಳಿದೆ. ಈ ಗಾಡಿಯನ್ನು ಘಾಟಿಯಲ್ಲಿ ತಡೆಯುವುದು ಬ್ರೇಕೇ ಹೊರತು ಎಂಜಿನ್ ಅಲ್ಲ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ಪೇಂಟು, ಕ್ರೋಮು ಎಲ್ಲಾ ಹೊಸದಾಗಿ ಮಾಡಿಸಬೇಕಾ?" ನನ್ನ ಅಭಿಪ್ರಾಯ ಖಡಾಖಂಡಿತ. ಮೊದಲು ಒಂದು ವರ್ಷ ಓಡಿಸಿ. ಹಳೇ ಪೇಂಟ್ ತೊಳೆದು ಪಾಲಿಶ್ ಮಾಡಿದರೆ ಎಷ್ಟೋ ಸಲ ಸಾಕಾಗುತ್ತದೆ. ಟ್ಯಾಂಕಿನ ಮೇಲೆ ನಿಮ್ಮ ತಂದೆಯವರ ಮೊಣಕಾಲು ತಾಗಿ ಸವೆದ ಗುರುತು ಯಾವ ಪೇಂಟರೂ ವಾಪಸ್ ತರಲಾರ. ಕೆಲವರು ಇರುವ ದುಡ್ಡನ್ನೆಲ್ಲ ಹೊಳಪಿಗೆ ಹಾಕಿ, ಸೀಲು, ಬ್ರೇಕ್ ಶೂಗೆ ಉಳಿಸಿಕೊಳ್ಳುವುದಿಲ್ಲ. ಪೇಂಟ್ ಮಾಡಿಸಲೇಬೇಕು ಅಂತಿದ್ದರೆ ಛಾಸಿ ನಂಬರಿನ ಮೇಲೆ ಪುಟ್ಟಿ ಮೆತ್ತದ ಹಾಗೆ, ಉಜ್ಜದ ಹಾಗೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ನಂಬರ್ ಕಾಣದಿದ್ದರೆ ಆರ್‌ಟಿಒದಲ್ಲಿ ಕೆಲಸ ನಿಲ್ಲುತ್ತದೆ.

ಒಬ್ಬ ಹುಡುಗ ಕೇಳಿದ: "ಈಗ ಹೊಸ ಜಾವಾ, ಯೆಜ್ಡಿ ಬಂದಿವೆಯಲ್ಲ ಸಾರ್, ಅದರ ಸಾಮಾನು ಆಗುತ್ತಾ?" ಆಗುವುದಿಲ್ಲಪ್ಪ. 2018ರಲ್ಲಿ ವಾಪಸ್ ಬಂದ ಜಾವಾ ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಎಂಜಿನ್. ಹೆಸರು ಒಂದೇ, ಒಳಗೆ ಎಲ್ಲಾ ಬೇರೆ. ಹಳೇ ಗಾಡಿಯ ಸಾಮಾನು ಮೈಸೂರು, ಬೆಂಗಳೂರಿನಲ್ಲಿ ಇನ್ನೂ ಸಿಗುತ್ತದೆ. ಬಿಚ್ಚಿದ ಹಳೇ ಸಾಮಾನನ್ನು ಜೊತೆಗೆ ಒಯ್ದು, ಪಕ್ಕದಲ್ಲಿಟ್ಟು ನೋಡಿ ತನ್ನಿ. ಹಳೇದನ್ನು ಎಸೆಯಬೇಡ. ಹೊಸದಾಗಿ ಬರುವ ಎಷ್ಟೋ ಸಾಮಾನಿಗಿಂತ ಹಳೇ ಕಂಪನಿ ಸಾಮಾನು ರಿಪೇರಿ ಮಾಡಿ ಹಾಕುವುದೇ ಮೇಲು.

ಕೊನೆಗೆ ಒಬ್ಬ ತಾಯಿ ಕೇಳಿದರು: "ಗಾಡಿ ನಮ್ಮ ಯಜಮಾನರ ಹೆಸರಲ್ಲಿದೆ. ಅವರು ಹೋಗಿಬಿಟ್ಟರು. ಮಗ ಓಡಿಸಬೇಕು ಅಂತಾನೆ. ಏನು ಮಾಡಬೇಕು?"

ಅಮ್ಮಾ, ಮೊದಲು ಆರ್‌ಸಿ ಹುಡುಕಿಡಿ. ಅದರಲ್ಲಿರುವ ಛಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಸರಿಹೊಂದುತ್ತದೆಯಾ ಅಂತ ಮಗನಿಗೆ ನೋಡಲು ಹೇಳಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31 ಕೊಡಬೇಕು. ಮರಣ ಪತ್ರ, ವಂಶವೃಕ್ಷ ಸಿದ್ಧ ಇರಲಿ. ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, ಅದು ಫಾರಂ 25. ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಬೇಕಾಗುತ್ತದೆ. ಹಾಗಾಗಿ ಲೈಟು, ಹಾರನ್ನು, ಬ್ರೇಕು ಎಲ್ಲಾ ಕೆಲಸ ಮಾಡುತ್ತಿರಬೇಕು. ಕಡಿಮೆಯೆಂದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಹೊಸ ಬಗೆಯ ನಂಬರ್ ಪ್ಲೇಟು ಬೇಕು. ಗಾಡಿಗೆ 50 ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ಅಂತಲೂ ನೋಂದಾಯಿಸಬಹುದು. ಅದಕ್ಕೆ 20,000 ರೂಪಾಯಿ ಶುಲ್ಕ. ಆದರೆ ಹಾಗೆ ಮಾಡಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಂಥದ್ದಕ್ಕೆ ಮಾತ್ರ. ನಿಮ್ಮ ಮಗ ತೋಟಕ್ಕೂ ಪೇಟೆಗೂ ಓಡಿಸಬೇಕು ಅಂತಿದ್ದಾನೆ, ಅಲ್ವಾ? ಹಾಗಿದ್ದರೆ ಸಾಮಾನ್ಯ ನವೀಕರಣವನ್ನೇ ಮಾಡಿಸಿ. ಎಂಜಿನ್ ಕೆಲಸಕ್ಕೆ ಕೈ ಹಾಕುವ ಮೊದಲೇ ಅರ್ಜಿ ವಿಚಾರಿಸಿಕೊಂಡು ಬರಲಿ, ಸೀಲು ಪಿಸ್ಟನ್ನು ತರಿಸುವಷ್ಟರಲ್ಲಿ ಆ ಕೆಲಸವೂ ಒಂದು ಹಂತಕ್ಕೆ ಬಂದಿರುತ್ತದೆ.